ದ್ವಾದಶಿಯ ಬೆಳಗಿನ ನೀರು

ಮಂದಾಕಿನಿ ಸಾಕಿದ್ದ ಡಿಸ್ಕಸ್ ಮೀನುಗಳು ಏಳು. ತಟ್ಟೆಯ ಹಾಗೆ ದುಂಡಗೆ, ಚಪ್ಪಟೆಯಾಗಿ, ಅಂಗೈಯಗಲ ಬೆಳೆದಿದ್ದವು. ಎರಡು ನೀಲಿ, ಉಳಿದವು ಇಟ್ಟಿಗೆ ಕೆಂಪು. ದಿಲ್‌ಸುಖ್‌ನಗರದ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿ, ಹಾಲಿನ ಗೋಡೆಗಿಟ್ಟ ಗಾಜಿನ ತೊಟ್ಟಿಯಲ್ಲಿ ಅವು ನಾಲ್ಕು ವರ್ಷದಿಂದ ಇದ್ದವು. ಕಾಲೇಜಿನ ಲೈಬ್ರರಿ ಕೆಲಸ ಮುಗಿಸಿ ಅವಳು ಬಾಗಿಲು ತೆಗೆದರೆ ಏಳೂ ಗಾಜಿನ ಹತ್ತಿರ ಬಂದು ಸಾಲಾಗಿ ನಿಲ್ಲುತ್ತಿದ್ದವು.

ಈ ಜಾತಿಯ ಮೀನಿಗೆ ನೀರೇ ಜೀವ, ನೀರೇ ಗಂಡಾಂತರ. ಇಪ್ಪತ್ತೊಂಬತ್ತು ಡಿಗ್ರಿಗಿಂತ ತಣ್ಣಗಾದರೆ ಕಪ್ಪಿಟ್ಟು ಮೂಲೆ ಸೇರುತ್ತವೆ. ದಿನ ಬಿಟ್ಟು ದಿನ ಅರ್ಧ ತೊಟ್ಟಿ ನೀರು ತೆಗೆದು ಹೊಸದು ಹಾಕಬೇಕು. ಅದೂ ನೇರ ನಲ್ಲಿಯದಲ್ಲ. ಕ್ಲೋರಿನ್ ಹೋಗಲೆಂದು ಮಂದಾಕಿನಿ ಹಿಂದಿನ ಸಂಜೆಯೇ ಬಾಲ್ಕನಿಯ ಡ್ರಮ್ಮಿನಲ್ಲಿ ನೀರು ತುಂಬಿಟ್ಟು, ಬೆಳಿಗ್ಗೆ ಅದಕ್ಕೆ ಬಿಸಿನೀರು ಬೆರೆಸಿ, ಥರ್ಮಾಮೀಟರ್ ಅದ್ದಿ ನೋಡಿ ಹಾಕುತ್ತಿದ್ದಳು.

ಮನೆಯಲ್ಲಿ ಇದ್ದವರು ಮೂವರು. ಗಂಡ ಗುರುರಾಜ ಆಡಿಟ್ ಕೆಲಸಕ್ಕೆಂದು ಆ ವಾರ ಕರ್ನೂಲಿಗೆ ಹೋಗಿದ್ದ. ಅತ್ತೆ ಸುಂದರಾಬಾಯಿಗೆ ಎಪ್ಪತ್ತೆಂಟು. ಫ್ರಿಜ್ಜಿನಲ್ಲಿ ಮೀನಿಗೆ ಹಾಕುವ ಹುಳುವಿನ ಡಬ್ಬಿ ಕಂಡ ದಿನದಿಂದ ಆಕೆ ಸೊಸೆಯ ಕೈಯ ನೀರು ಮುಟ್ಟುತ್ತಿರಲಿಲ್ಲ. ತನ್ನ ಮಡಿನೀರು ತಾನೇ ಹಿಡಿದುಕೊಳ್ಳುತ್ತಿದ್ದಳು.

ಅದು ೨೦೦೪ರ ಫೆಬ್ರವರಿ. ಹಿಂದಿನ ದಿನ ಏಕಾದಶಿ; ಸುಂದರಾಬಾಯಿ ಹನಿ ನೀರೂ ಕುಡಿದಿರಲಿಲ್ಲ. ಮಂದಾಕಿನಿ ಕುಡಿದದ್ದು ಬೆಳಿಗ್ಗೆಯೇ ತುಂಬಿಟ್ಟ ಹೂಜಿಯ ನೀರು. ಅದೇ ದಿನ ಮಧ್ಯಾಹ್ನ ಕಟ್ಟಡಕ್ಕೆ ಗೆದ್ದಲಿನ ಔಷಧಿ ಹೊಡೆಯುವವರು ಬಂದು, ಕೆಳಗಿನ ಗೋಡೆಗಳ ಬುಡಕ್ಕೆ ತೂತು ಕೊರೆದು ಔಷಧಿ ಸುರಿದು ಹೋಗಿದ್ದರು. ಮೆಟ್ಟಿಲ ತುಂಬ ಸೀಮೆಎಣ್ಣೆಯಂಥ ನಾತ. ಎಲ್ಲರ ಮೂಗೂ ಅದಕ್ಕೆ ಒಗ್ಗಿಹೋಗಿತ್ತು.

ದ್ವಾದಶಿಯ ಬೆಳಿಗ್ಗೆ ಆರೂವರೆಗೆ ಮಂದಾಕಿನಿ ತೊಟ್ಟಿಗೆ ಡ್ರಮ್ಮಿನ ನೀರು ಹಾಕಿದಳು. ಚೊಂಬು ಕೆಳಗಿಟ್ಟು ಕೈ ಒರೆಸಿಕೊಳ್ಳುವುದರೊಳಗೆ ದೊಡ್ಡ ನೀಲಿ ಮೀನು ಬಾಣದಂತೆ ಹೋಗಿ ಗಾಜಿಗೆ ಡಿಕ್ಕಿ ಹೊಡೆಯಿತು. ಮತ್ತೊಂದು ಗಿರಗಿರನೆ ಸುತ್ತಿ ಮಗ್ಗುಲಾಯಿತು. ಥರ್ಮಾಮೀಟರ್ ನೋಡಿದಳು, ಸರಿಯಾಗಿತ್ತು. ಕ್ಲೋರಿನ್ ಇರಬಹುದೆಂದು ಅದನ್ನು ಮುರಿಯುವ ಹರಳು ಹಾಕಿದಳು. ಹರಳು ಕರಗುವ ಮೊದಲೇ ಮೂರು ಮೀನು ಮೇಲೆ ತೇಲಿದವು. ಉಳಿದವು ಬಾಯಿ ತೆರೆದು ತೆರೆದು ನಡುಗಿದವು. ಹತ್ತು ನಿಮಿಷದಲ್ಲಿ ಏಳೂ ಸತ್ತವು.

ಮಂದಾಕಿನಿ ಡ್ರಮ್ಮಿನ ಹತ್ತಿರ ಹೋಗಿ ಬಗ್ಗಿ ಮೂಸಿದಳು. ಮೆಟ್ಟಿಲ ಮೇಲಿನ ಅದೇ ನಾತ.

ಡ್ರಮ್ಮಿನ ನೀರು ನಲ್ಲಿಯದು. ನಲ್ಲಿಗೆ ನೀರು ಬರುವುದು ನೆಲದಡಿಯ ಸಂಪಿನಿಂದ. ಮಡಿನೀರೂ ಅಲ್ಲಿಂದಲೇ.

ದೇವರಮನೆಯಲ್ಲಿ ಪಾತ್ರೆಯ ಸದ್ದಾಯಿತು. ಮಂದಾಕಿನಿ ಓಡಿದಳು. ಸುಂದರಾಬಾಯಿ ಪಾರಣೆಗೆ ಕೂತು, ಅಂಗೈಗೆ ತೀರ್ಥ ಹಾಕಿಕೊಂಡು ಬಾಯಿಯ ಹತ್ತಿರ ಒಯ್ದಿದ್ದಳು. ಮಂದಾಕಿನಿ ಆ ಕೈಗೆ ಜೋರಾಗಿ ಹೊಡೆದಳು. ನೀರು ಗೋಡೆಗೆ ಚಿಮ್ಮಿತು, ಪಂಚಪಾತ್ರೆ ಉರುಳಿತು.

ಮೂವತ್ತು ವರ್ಷದಲ್ಲಿ ಸೊಸೆ ಎದುರಾಡಿದವಳಲ್ಲ. ಮುದುಕಿ ತನ್ನ ಕೈ ನೋಡಿಕೊಂಡಳು, ಸೊಸೆಯ ಒದ್ದೆ ಕೈ ನೋಡಿದಳು. "ಮೀನಿನ ಕೈಲೆ ಹೊಡದಿ? ನನಗ? ದೇವರ ಮುಂದ?"

"ಅತ್ಯಾ, ನೀರಾಗ ವಿಷ ಅದ. ಕುಡದ್ರೇನು? ಮೊದಲ ಹೇಳ್ರಿ, ಕುಡದ್ರೇನು?"

"ಇಲ್ಲ."

"ಒಂದ ಹನಿ?"

"ಇಲ್ಲ ಅಂದೆನಲ್ಲ," ಎಂದಳು ಸುಂದರಾಬಾಯಿ.

ಮಂದಾಕಿನಿ ಬರಿಗಾಲಲ್ಲೇ ಮೆಟ್ಟಿಲಿಳಿದಳು. ಪ್ರತಿ ಬಾಗಿಲನ್ನೂ ಬಡಿದು ನೀರು ಕುಡಿಯಬೇಡಿ ಎಂದು ತೆಲುಗು, ಹಿಂದಿ, ಕನ್ನಡ ಎಲ್ಲದರಲ್ಲೂ ಕೂಗಿದಳು. "ಯಾದಯ್ಯಾ, ಮೋಟಾರ್ ಬಂದ್ ಚೆಯ್ಯಿ!" ಎಂದು ನೀರೆತ್ತುವ ಮೋಟಾರು ನಿಲ್ಲಿಸಲು ಕೆಳಗಿನ ವಾಚ್‌ಮನ್‌ಗೆ ಹೇಳಿದಳು.

ಮೊದಲ ಮಹಡಿಯಲ್ಲಿ ಅಪಾರ್ಟ್‌ಮೆಂಟಿನ ಸೆಕ್ರೆಟರಿ ವೈಜನಾಥ ಬಾಗಿಲು ತೆಗೆದ. ಬೀದರಿನವನು, ನಿವೃತ್ತ ಗುಮಾಸ್ತ. ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು.

"ಮೀನ ಸತ್ತಾವಂತ ಇಡೀ ಬಿಲ್ಡಿಂಗಿಗೆ ನೀರು ಬಂದ್ ಮಾಡ್ತೀರೇನ್ರಿ ಬಾಯಾರ? ನಿಮ್ಮ ಮೀನಿಗೆ ಏನರೆ ಆಗಿರಬೇಕು. ನಮ್ಮ ಮನಿಯಾಕಿಗೇ ಆರಾಮಿಲ್ಲ, ರಾತ್ರಿಯಿಂದ ವಾಂತಿ ಮಾಡಾಕತ್ತಾಳ. ಮಿರ್ಚಿ ಭಜಿ ತಿಂದಿದ್ಲು, ಅದಕ್ಕ..."

ಮಂದಾಕಿನಿ ಅವನನ್ನು ದಾಟಿ ಒಳಗೆ ಹೋದಳು. ಅವನ ಹೆಂಡತಿ ಶಿವದೇವಿ ಮಂಚದ ಮೇಲೆ ಬೆವರಿನಲ್ಲಿ ತೊಯ್ದು ಮಲಗಿದ್ದಳು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ತೋಳಿನ ಮಾಂಸ ತಾನಾಗಿಯೇ ಕುಣಿಯುತ್ತಿತ್ತು. ತಲೆದಿಂಬಿನ ಪಕ್ಕದಲ್ಲಿ ದೊಡ್ಡ ಲೋಟ, ಅದರೊಳಗೆ ಚಮಚ.

"ಇದೇನ್ರಿ?"

"ಉಪ್ಪು ಸಕ್ಕರಿ ನೀರು," ಎಂದ ವೈಜನಾಥ. "ವಾಂತಿ ಆದ್ರ ಕೊಡಬೇಕಲ್ರಿ. ರಾತ್ರಿಯಿಂದ ಅರ್ಧರ್ಧ ತಾಸಿಗೆ ನಾನs ಕುಡಸಾಕತ್ತೀನಿ." ಹೇಳುತ್ತ ಹೇಳುತ್ತ ಅವನ ಮುಖ ಬಿಳಿಚಿತು. ಲೋಟ ಎತ್ತಿ ಮೂಸಿದವನು ಅದನ್ನು ಕೆಳಗಿಡುವುದನ್ನೇ ಮರೆತು ನಿಂತ. ಮಂದಾಕಿನಿ ಅವನ ಬೆರಳು ಬಿಡಿಸಿ ಅದನ್ನು ತೆಗೆದುಕೊಳ್ಳಬೇಕಾಯಿತು.

ಯಾದಯ್ಯ ಆಟೋ ತಂದ. ಶಿವದೇವಿಯನ್ನು ಹೊದಿಕೆಯಲ್ಲೇ ಎತ್ತಿ ಕೂರಿಸಿದರು. ಗೆದ್ದಲಿನ ಔಷಧಿ ಎಂದು ಮಂದಾಕಿನಿ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು, ಯಾರೂ ಕೇಳದಿದ್ದರೂ. ಆಸ್ಪತ್ರೆಯ ಡಾಕ್ಟರು ಕಣ್ಣರೆಪ್ಪೆ ಎತ್ತಿ ನೋಡಿದವರೇ ಸೂಜಿ ತರಿಸಿದರು. ವಿಷ ಯಾವುದೆಂದು ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು ಎಂದರು.

ಅವಳು ಮನೆಗೆ ಮರಳಿದಾಗ ಮಧ್ಯಾಹ್ನ. ಪಾರಣೆಯ ಹೊತ್ತು ಮೀರಿಹೋಗಿತ್ತು. ಸುಂದರಾಬಾಯಿ ದೇವರ ಮುಂದಿನ ಕಾಯಿ ಒಡೆದು ಅದರ ನೀರು ಕುಡಿದು, ಹಾಲಿನಲ್ಲಿ ತೊಟ್ಟಿಯ ಎದುರಿಗೆ ಕೂತಿದ್ದಳು. ಮೀನುಗಳು ಇನ್ನೂ ತೇಲುತ್ತಿದ್ದವು. ಬಣ್ಣವೆಲ್ಲ ಹೋಗಿ ಬೂದುಗಟ್ಟಿದ್ದವು.

"ಅತ್ಯಾ, ಹೊಡದದ್ದು ತಪ್ಪಾತು," ಎಂದಳು ಮಂದಾಕಿನಿ.

"ಇನ್ನ ಸ್ವಲ್ಪಕ್ಕ ಕುಡೀತಿದ್ದೆ," ಎಂದಳು ಮುದುಕಿ. ಅಷ್ಟನ್ನೇ ಮೂರು ಸಲ ಹೇಳಿದಳು.

ಸಂಪಿನ ಗೋಡೆಯಲ್ಲಿ ಒಂದು ಬಿರುಕು ಸಿಕ್ಕಿತು. ಕೊರೆದ ತೂತಿನಿಂದ ಒಂದು ಗೇಣು ದೂರ. ಸಂಪನ್ನೇ ಮುಚ್ಚಿಸಿ, ತಾರಸಿಯ ಮೇಲೆ ಹೊಸ ಟ್ಯಾಂಕು ಇಡಿಸಿದರು. ಶಿವದೇವಿ ಐದನೆಯ ದಿನ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಮನೆಗೆ ಬಂದಳು. ಮಂದಾಕಿನಿಯ ಮೀನುಗಳು ಎಲ್ಲರನ್ನೂ ಉಳಿಸಿದವು ಎಂದು ಅಪಾರ್ಟ್‌ಮೆಂಟಿನ ಜನ ಬಂದವರಿಗೆಲ್ಲ ಹೇಳತೊಡಗಿದರು. ಆ ಮಾತು ಕೇಳಿದಾಗೆಲ್ಲ ಮಂದಾಕಿನಿ ಒಳಗೆ ಎದ್ದು ಹೋಗುತ್ತಿದ್ದಳು.

ಒಂದು ಭಾನುವಾರ ವೈಜನಾಥ ಮೇಲೆ ಬಂದ. "ಎಲ್ಲಾರೂ ಸೇರಿ ನಿಮಗ ಹೊಸಾ ಮೀನ ತಂದು ಕೊಡಬೇಕಂತ ಮಾಡೀವ್ರಿ. ಅವು ನಮ್ಮ ಜೀವಾ ಉಳಿಸ್ಯಾವ."

"ಅವು ಯಾರನ್ನೂ ಉಳಿಸಲಿಕ್ಕೆ ಹೋಗಿರಲಿಲ್ರಿ," ಎಂದಳು ಮಂದಾಕಿನಿ. "ನಾ ಚೊಂಬು ಹಿಡದ ಕೂಡಲೆ ಹತ್ರ ಬಂದು ನಿಂತಿದ್ದವು. ನಾನs ಹಾಕಿದೆ. ನನ್ನ ಕೈಲೆ."

ವೈಜನಾಥ ತಲೆ ತಗ್ಗಿಸಿದ. "ಆ ರಾತ್ರಿ ಆಕಿ ನೀರು ಒಲ್ಲೆ ಅಂದ್ಲುರಿ," ಎಂದ ಕೊನೆಗೆ. "ನಾನs ಬೈದು ಕುಡಿಸಿದೆ."

ಮಂದಾಕಿನಿ ಒಂದು ಕುರ್ಚಿ ಎಳೆದು ಅವನ ಎದುರಿಗೆ ಕೂತಳು.