ಕರೆದರೆ ಬರುವವಳು

"ಅಳವ್ವಾ, ಒಂದ್ಸಲ ಬಾಯ್ಬುಟ್ಟು ಅತ್ಬುಡು," ಎಂದು ಪ್ರೇಮಲೀಲಾಗೆ ಹೇಳುತ್ತ ಶಿವನಂಜಮ್ಮ ಸತ್ತ ತಂಗಿಯ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿ, ಉಳಿದ ದಾರವನ್ನು ಹಲ್ಲಿನಿಂದ ಕಡಿದಳು.

ಪ್ರೇಮಲೀಲಾ ಅವ್ವನ ತಲೆಯ ಬಳಿ ಕೂತು ದೀಪಕ್ಕೆ ಎಣ್ಣೆ ಹುಯ್ಯುತ್ತಿದ್ದಳು. ದೀಪ ತುಂಬಿದ್ದರೂ ಹುಯ್ಯುತ್ತಲೇ ಇದ್ದಳು. ಎಣ್ಣೆ ತುಳುಕಿ ನೆಲಕ್ಕೆ ಹರಿದಾಗ ಸೆರಗಿನ ತುದಿಯಿಂದ ಒರೆಸಿದಳು.

"ಬಿ.ಎ. ಮಾಡ್ಬುಟ್ರೆ ಕಣ್ಣೀರೂ ಇಂಗೋಯ್ತದೇನೋ ಕಣಮ್ಮ," ಎಂದಳು ಪಕ್ಕದ ಮನೆಯ ಚಾಮುಂಡಮ್ಮ.

"ಸುಮ್ಕಿರು ಚಾಮುಂಡಿ," ಎಂದಳು ಶಿವನಂಜಮ್ಮ. " ಅದು ಹುಟ್ಟಿದಾಗ್ಲೂ ಅಳ್ನಿಲ್ಲ. ಸೂಲಗಿತ್ತಿ ತಲೆಕೆಳಗಾಗಿ ಹಿಡ್ದು ಬೆನ್ನಿಗೆ ನಾಕು ಬುಟ್ಟ ಮ್ಯಾಲೇ ಕುಯ್ ಅಂದಿದ್ದು."

ಯಾರೋ ನಕ್ಕರು. ನಕ್ಕ ಮೇಲೆ ಇದು ಸಾವಿನ ಮನೆಯೆಂಬುದು ನೆನಪಾಗಿ ಸೆರಗನ್ನು ಬಾಯಿಗೊತ್ತಿಕೊಂಡರು.

ಕುಂಬಾರಕೊಪ್ಪಲಿನ ಆ ಎರಡು ಕೋಣೆಯ ಮನೆಗೆ ಬೆಳಗಿನಿಂದ ಜನ ಬರುತ್ತಲೇ ಇದ್ದರು. ಹೆಚ್ಚಿನವರು ಕ್ಷಯದ ಆಸ್ಪತ್ರೆಯವರು. ಪ್ರೇಮಲೀಲಾಳ ಅವ್ವ ಚೆಲುವಮ್ಮ ಅಲ್ಲಿ ಆಯಾ ಆಗಿದ್ದಳು. ಗಂಡ ಸತ್ತ ವರ್ಷ ಸೇರಿದವಳು, ಅದೇ ಕಾಯಿಲೆ ತನ್ನ ಎದೆಯನ್ನೂ ಹೊಕ್ಕ ಮೇಲೆಯೇ ಕೆಲಸ ಬಿಟ್ಟಳು. ಹೊರಗೆ ಅವಳ ಅಣ್ಣನ ಮಗ ಬಸವರಾಜು ಚಟ್ಟದ ಬಿದಿರು ಬಿಗಿಯುತ್ತಿದ್ದ. "ಬಿಸ್ಲೇರೋದ್ರೊಳ್ಗೆ ಎತ್ಬೇಕು," ಎಂದು ಕೂಗಿದ.

ಅದೇ ಹೊತ್ತಿಗೆ ಆಸ್ಪತ್ರೆಯ ವಾರ್ಡಿನ ನಂಜಯ್ಯ ಒಳಗೆ ಬಂದ. ಅವನ ಹಿಂದೆ ಒಬ್ಬ ಹುಡುಗಿ. ಪಾದದವರೆಗೆ ಇಳಿದ ಕಪ್ಪು ನಿಲುವಂಗಿ, ಗಾಳಿಗೆ ಒಡೆದಂತಿದ್ದ ಕೆಂಪು ಕೆನ್ನೆ, ಕೈಯಲ್ಲಿ ಮಡಿಸಿದ ಬಿಳಿ ವಸ್ತ್ರ. ಬೈಲಕುಪ್ಪೆಯ ಟಿಬೆಟಿನವರ ಕ್ಯಾಂಪಿನಿಂದ ಮೊದಲ ಬಸ್ಸಿಗೆ ಬಂದಿದ್ದಳು. ಹೆಸರು ಡೋಲ್ಮಾ. ಹಿಂದೆ ಅವಳು ರೋಗಿಯಾಗಿದ್ದ ಆಸ್ಪತ್ರೆಯವರ ಬಾಯಲ್ಲಿ ಅದು ಎಂದೋ ಡೋಲಮ್ಮ ಆಗಿತ್ತು.

ಹೊಸಬರು ಹೊಸ್ತಿಲು ದಾಟಿದರೆ ಹೆಂಗಸರು ದನಿಯೆತ್ತಿ ಅಳುವುದು ವಾಡಿಕೆ. "ನನ್ನವ್ವಾ, ನನ್ನ ತಾಯೀ, ಯಾರು ಬಂದವ್ರೆ ಎದ್ದು ನೋಡೇ," ಎಂದು ಶಿವನಂಜಮ್ಮ ಎದೆ ಬಡಿದುಕೊಂಡಳು. ಉಳಿದವರು ದನಿಗೂಡಿಸಿದರು. ಹುಡುಗಿ ಬೆಚ್ಚಿದಳು. ಬಿಳಿ ವಸ್ತ್ರವನ್ನು ಅವಸರದಿಂದ ಹೆಣದ ಎದೆಯ ಮೇಲಿಟ್ಟು, ಹೆಂಗಸರತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

"ಶ್... ಬ್ಯಾಡಿ. ಅಳಬ್ಯಾಡಿ."

ಅಳು ತಟ್ಟನೆ ನಿಂತಿತು.

"ಏನಂದ್ಲು? ಅಳೋಕೂ ಇವಳ ಅಪ್ಪಣೆ ಬೇಕಾ?" ಶಿವನಂಜಮ್ಮ ಎದ್ದೇ ನಿಂತಳು. "ಕಾಯ್ಲೆ ಅಂಟ್ಸಿ ನನ್ನ ತಂಗೀನ ತಿಂದ್ಕೊಂಡ್ಳು. ಈಗ ಬಾಯಿ ಮುಚ್ಚಿ ಅಂತಾಳಲ್ಲ! ಅವಳ ಕಣ್ಣು ನೋಡ್ರವ್ವಾ, ಒಂದು ತೊಟ್ಟು ನೀರೈತಾ?"

ನಂಜಯ್ಯ ಹುಡುಗಿಯನ್ನು ಮೆಲ್ಲಗೆ ಹಿತ್ತಲಿಗೆ ಕರೆದುಕೊಂಡು ಹೋದ. ದೊಡ್ಡವ್ವನ ಮಾತನ್ನು ಪ್ರೇಮಲೀಲಾ ತಡೆಯಲಿಲ್ಲ. ತಾನು ಆಡಲಾರದ್ದನ್ನು ದೊಡ್ಡವ್ವ ಆಡಿದಂತೆ ಅವಳಿಗೆ ಅನ್ನಿಸಿತು.

* * *

ಚೀನಾದ ಯುದ್ಧಕ್ಕೆ ಮುಂಚಿನ ಬೇಸಿಗೆಯಲ್ಲಿ ವಾರ್ಡಿನ ತುಂಬ ಟಿಬೆಟಿನವರು ಬಂದಿದ್ದರು. ಬೆಟ್ಟದ ಜನ, ಇಲ್ಲಿಯ ಸೆಕೆಗೇ ಅರ್ಧ ಬೆಂದಿದ್ದರು. ಕೆಲಸ ಮುಗಿಸಿ ಬಂದ ಚೆಲುವಮ್ಮ ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತು ಸಂಭ್ರಮದಿಂದ ಹೇಳಿದ್ದಳು:

"ಒಂದು ಹೆಣ್ಮಗು ಬಂದೈತೆ ಕಣೇ ಪ್ರೇಮಾ. ಜ್ವರದಾಗೆ 'ಅಮಾ, ಅಮಾ' ಅಂತದೆ. ಹೋದೆ. ಎಷ್ಟು ಸಲ ಅಂತೋ ಅಷ್ಟು ಸಲವೂ ಹೋದೆ. ಎಲ್ಲಿಯ ಮಗು, ಎಲ್ಲಿಯ ಮಾತು, ನೋಡು!"

ಅವರ ಮನೆಯಲ್ಲಿ ತಾಯಿಯನ್ನು ಅವ್ವ ಎನ್ನುವುದು. ಅಮ್ಮ ಎಂದರೆ ಬೆಟ್ಟದ ಮೇಲಿನ ದೇವಿ, ಇಲ್ಲವೇ ಡಾಕ್ಟರ ಹೆಂಡತಿ. ಚೆಲುವಮ್ಮನಿಗೆ ಯಾರೋ ಕಿರೀಟ ಇಟ್ಟಂತಾಗಿತ್ತು.

ಪ್ರೇಮಲೀಲಾ ಆಗ ಬಿ.ಎ. ಎರಡನೆಯ ವರ್ಷದ ತರಗತಿಯಲ್ಲಿದ್ದಳು. ನಂಟಿಲ್ಲದ ಎರಡು ಮಾತುಗಳು ಒಂದೇ ಶಬ್ದಕ್ಕೆ ಬಂದು ನಿಲ್ಲುವುದುಂಟೆಂದು ಅಧ್ಯಾಪಕರು ಪಾಠ ಹೇಳಿದ್ದರು. ಇಂಗ್ಲಿಷಿನವರ ಬ್ಯಾಡ್, ಫಾರಸಿಯ ಬದ್: ಅರ್ಥ ಕೆಟ್ಟದ್ದೆಂದೇ, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಇನ್ನು ತಾಯಿಯನ್ನು ಕರೆಯುವ ಮಾತು. ಹಸುಗೂಸು ತುಟಿ ಮುಚ್ಚಿ ತೆರೆದರೆ ತಾನಾಗಿ ಬರುವ ಸದ್ದು ಅದು, ಯಾವ ದೇಶದ ಕೂಸಾದರೂ ಸರಿ. ದನಿ ಕೂಡಿತೆಂದು ಕುಲ ಕೂಡಿಸಬೇಡಿ, ಎಂದಿದ್ದರು.

"ಅದು ಕನ್ನಡ ಅಲ್ಲವ್ವ," ಎಂದಳು ಪ್ರೇಮಲೀಲಾ. "ಅವರ ಭಾಷೇಲೂ ತಾಯಿಗೆ ಹಾಗೇ ಅಂತಾರೆ. ಸುಮ್ನೆ ಆಕಸ್ಮಿಕ. ಅದು ಅವರಮ್ಮನ್ನ ಕರೀತಿರೋದು, ನಿನ್ನನ್ನಲ್ಲ."

ಚೆಲುವಮ್ಮ ಊದುಕೊಳವೆಯನ್ನು ಕೆಳಗಿಟ್ಟಳು. "ಅವರವ್ವ ಹಿಮದಾಗೆ ಸತ್ತೋದ್ಲಂತೆ ಕಣೇ. ಕರೆದ್ರೆ ಅವಳು ಬಂದಾಳಾ? ಕೇಳಿಸ್ಕಂಡೋರು ಹೋಗ್ಬೇಕಪ್ಪ."

ಪ್ರೇಮಲೀಲಾಗೆ ಹಳೆಯದೊಂದು ನೆನಪಾಯಿತು. ತಾನು ಏಳನೆಯ ವಯಸ್ಸಿನಲ್ಲಿ ದಡಾರ ಬಂದು ಮಲಗಿದ್ದಾಗ ಅವ್ವಾ ಎಂದು ಕೂಗಿದ್ದಕ್ಕೆ ಬಂದವಳು ಪಕ್ಕದ ಮನೆಯ ಚಾಮುಂಡಮ್ಮ. ಅವ್ವನಿಗೆ ವಾರ್ಡಿನಲ್ಲಿ ರಾತ್ರಿಪಾಳಿ. ಆಮೇಲೆ ಪ್ರೇಮಲೀಲಾ ಕೂಗುವುದನ್ನೇ ಬಿಟ್ಟಳು. ಬಾಯಾರಿದರೆ ತಾನೇ ಎದ್ದು ಹೋಗಿ ನೀರು ಕುಡಿದಳು. ಅವ್ವ ಎದುರಿಗಿದ್ದಾಗ ಮಾತ್ರ ಮಾತು. ಮರೆಯಲ್ಲಿದ್ದರೆ ಹುಡುಕಿಕೊಂಡು ಹೋಗುತ್ತಿದ್ದಳೇ ಹೊರತು ಕರೆಯುತ್ತಿರಲಿಲ್ಲ.

* * *

ಹೆಣಕ್ಕೆ ಮೈ ತೊಳೆಸಲು ನೀರು ತರಲೆಂದು ಪ್ರೇಮಲೀಲಾ ಹಿತ್ತಲಿಗೆ ಬಂದಾಗ ಡೋಲ್ಮಾ ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಳು.

"ತಪ್ಪಾಯ್ತಾ ಅಕ್ಕಾ, ಅಳಬ್ಯಾಡಿ ಅಂದದ್ದು?"

ಪ್ರೇಮಲೀಲಾಳ ಕೈಯಲ್ಲಿ ಬಿಂದಿಗೆ ಹಾಗೇ ನಿಂತಿತು. ಆ ರಾಗ ಅವ್ವನದು. ಕೊನೆಯಲ್ಲಿ ಮಾತನ್ನು ತುಸು ಎಳೆದು ಬಿಡುವುದೂ ಅವ್ವನದೇ. ಈ ಹುಡುಗಿ ಕನ್ನಡ ಕಲಿತದ್ದು ಅವಳೊಬ್ಬಳ ಬಾಯಿಂದ.

"ಯಾಕೆ ಹಾಗಂದೆ?"

"ನಮ್ಮಲ್ಲಿ ಸತ್ತೋರ್ನ ಕೂಗಿ ಅಳಾಕಿಲ್ಲ, ಹೆಸ್ರಿಡ್ದು ಕರ್ಯಾಕಿಲ್ಲ. ಕರೆದ್ರೆ ತಿರುಗಿ ನೋಡ್ತಾರೆ. ದಾರಿ ತಪ್ತದೆ." ಹುಡುಗಿ ಮಣ್ಣಿನಲ್ಲಿ ಬೆರಳಾಡಿಸಿದಳು. "ಬ್ಯಾರೆಯೋರು ನೋಡ್ತಾರೋ ಇಲ್ವೋ. ಅಮಾ ಅಂತ ಕರೆದ್ರೆ ಇವ್ರು ಬಂದೇ ಬುಡ್ತಾರೆ." ಅಂದವಳೇ, 'ಅಮಾ' ಎಂಬ ಕರೆ ಬಾಯಿಂದ ಜಾರಿತೆಂದು ಅಂಗೈಯಿಂದ ತುಟಿ ಮುಚ್ಚಿಕೊಂಡಳು.

ನಲ್ಲಿಯ ಕೆಳಗಿಟ್ಟ ಬಿಂದಿಗೆ ತುಂಬಿತು. ಪ್ರೇಮಲೀಲಾ ಎತ್ತಲಿಲ್ಲ. ವರ್ಷಗಳಿಂದ ಗಂಟಲಲ್ಲಿದ್ದದ್ದನ್ನು ಕೇಳಿದಳು.

"ಜ್ವರದಲ್ಲಿ ನೀನು ಕರೀತಿದ್ದದ್ದು ಯಾರನ್ನ?"

"ನಮ್ಮಮ್ಮನ್ನ," ಎಂದಳು ಡೋಲ್ಮಾ, ತಡವಿಲ್ಲದೆ. "ನಮ್ಮಮ್ಮನ್ನ ಕರೆದ್ರೆ ಇವ್ರು ಬರ್ತಿದ್ರು. ನಂಗೆ ಕೋಪ. ಒಂದಿನ ಲೋಟ ಎಸೆದ್ಬುಟ್ಟೆ. ಇಲ್ಲಿ ತಾಕ್ತು." ತನ್ನ ಹುಬ್ಬಿನ ಮೇಲೆ ಬೆರಳಿಟ್ಟು ತೋರಿಸಿದಳು. "ರಕ್ತ ಬಂತು. ಒರೆಸ್ಕೊಂಡ್ರು. ಮತ್ತೆ ಕರೆದೆ, ಮತ್ತೆ ಬಂದ್ರು."

"ಆಮೇಲೆ?"

"ಆಮ್ಯಾಕೆ ಇವ್ರನ್ನೇ ಕರೀತಿದ್ದೆ. ಯಾವತ್ತಿಂದ ಅಂತ ಗೊತ್ತಿಲ್ಲ ಅಕ್ಕಾ."

ಒಳಗೆ ಹೆಂಗಸರು ಮೈ ತೊಳೆಸುವಾಗ ಪ್ರೇಮಲೀಲಾ ಅವ್ವನ ಹುಬ್ಬಿನ ಮೇಲಿನ ಬಿಳಿ ಗೆರೆಯನ್ನು ಒದ್ದೆ ಬೆರಳಿನಿಂದ ಸವರಿದಳು. ಬಾಗಿಲು ತಾಗಿತು ಎಂದಿದ್ದಳು ಅವ್ವ.

* * *

ಸ್ಮಶಾನದ ಅರ್ಧ ದಾರಿಯಲ್ಲಿ, ಹುಣಸೆಮರದ ಬುಡದ ಹಾಸುಗಲ್ಲಿನ ಮೇಲೆ ಚಟ್ಟವನ್ನು ಇಳಿಸಿದರು. ತಮಟೆ ನಿಂತಿತು. ಹೆಂಗಸರು ಬರುವುದು ಅಲ್ಲಿಯವರೆಗೆ. ಅಲ್ಲಿ ಹೊಟ್ಟೆಯಲ್ಲಿ ಹುಟ್ಟಿದವರು ಸತ್ತವರ ಕಿವಿಯಲ್ಲಿ ಮೂರು ಸಲ ಕರೆಯಬೇಕು. ಓಗೊಡದಿದ್ದರೆ ಜೀವ ಹೋದದ್ದು ದಿಟ. ಆಮೇಲೆ ಗಂಡಸರು ಹೊತ್ತುಕೊಂಡು ನಡೆಯುತ್ತಾರೆ, ಹೆಂಗಸರು ಮನೆಗೆ ಮರಳುತ್ತಾರೆ.

"ಕರಿ ಕಣವ್ವಾ," ಎಂದಳು ಶಿವನಂಜಮ್ಮ. ಅವಳ ದನಿ ಈಗ ಮೆತ್ತಗಾಗಿತ್ತು. "ಮಕ್ಕಳು ಕರೀದೆ ಇದ್ರೆ ಜೀವ ಈ ಮರದ ಕೆಳಗೇ ಕಿವಿಗೊಟ್ಟು ನಿಂತ್ಬುಡ್ತದೆ."

ಪ್ರೇಮಲೀಲಾ ಮಂಡಿಯೂರಿದಳು. ಅವ್ವನ ಕಿವಿಯ ಓಲೆ ತೆಗೆದಿದ್ದರು, ತೂತು ಉದ್ದಕ್ಕೆ ಜೋತಿತ್ತು. ಬಾಯಿ ತೆರೆದಳು. ಗಂಟಲಿನಿಂದ ಏನೂ ಬರಲಿಲ್ಲ. ಮತ್ತೆ ತೆರೆದಳು.

"ಕರಿಯೇ ತಾಯಿ," "ಬಿಸ್ಲು ಏರ್ತಾ ಐತೆ," "ನಾ ಕರೀಲಾ, ಅತ್ತೇ ಅಂತ?" "ನೀನು ಕರೆದ್ರೆ ಆಯ್ತದೇನ್ಲಾ ಬಸ್ವರಾಜು, ನಿನ್ನ ಹೆತ್ತವಳಾ?" ಸುತ್ತಲಿನ ಮಾತುಗಳು ಅವಳ ಬೆನ್ನ ಮೇಲೆ ಬೀಳುತ್ತಿದ್ದವು.

ನಂಜಯ್ಯ ಕೆಮ್ಮಿದ. "ಹೇಳ್ತೀನಿ ಅಂತ ಬೇಜಾರಾಗ್ಬ್ಯಾಡಿ. ಡೋಲಮ್ಮನೂ ಅವ್ರನ್ನ ಅಮ್ಮ ಅಂತ್ಲೇ ಕರೀತಿದ್ದದ್ದು. ಅವಳೇ ಕರೀಲಿ."

ಎಲ್ಲರೂ ತಿರುಗಿದರು. ಡೋಲ್ಮಾಳ ಕೆನ್ನೆಯ ಕೆಂಪು ಇಳಿದುಹೋಗಿತ್ತು. ಒಂದು ಹೆಜ್ಜೆ ಹಿಂದೆ ಸರಿದಳು.

"ನೋಡ್ದಾ?" ಎಂದಳು ಚಾಮುಂಡಮ್ಮ. "ಬದುಕಿದ್ದಾಗ ಅಮ್ಮ. ಸತ್ತ ಮ್ಯಾಲೆ ಅಮ್ಮನೂ ಇಲ್ಲ, ಗಿಮ್ಮನೂ ಇಲ್ಲ."

ಡೋಲ್ಮಾ ಪ್ರೇಮಲೀಲಾಳ ಮುಖವನ್ನು ಮಾತ್ರ ನೋಡಿದಳು.

"ಅವಳ್ನ ಬಿಡಿ. ನಾನೇ ಕರೀತೀನಿ," ಎಂದಳು ಪ್ರೇಮಲೀಲಾ. ಅಂದು ಬೆಳಗಿನಿಂದ ಅವಳು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

ಆದರೆ ಬಾಗಿದೊಡನೆ ಭಯವಾಯಿತು. ಕರೆಯದಿದ್ದರೆ ಅವ್ವ ಈ ಮರದ ಕೆಳಗೆ ನಿಲ್ಲುತ್ತಾಳೆ. ಕರೆದರೆ ಅಷ್ಟು ದೂರ ಹೋದವಳು ತಿರುಗಿ ನಿಲ್ಲುತ್ತಾಳೆ. ಹೇಗಾದರೂ ನಿಲ್ಲುವವಳೇ. ಅವಳನ್ನು ಹೋಗಗೊಡುವ ಮಾತು ಯಾವ ಭಾಷೆಯಲ್ಲಿದೆಯೋ ಪ್ರೇಮಲೀಲಾಗೆ ತಿಳಿಯಲಿಲ್ಲ.

ನಿಲುವಂಗಿಯ ಸರಬರ ಕೇಳಿಸಿತು. ಡೋಲ್ಮಾ ಬಂದು ಹೆಣದ ಇನ್ನೊಂದು ಮಗ್ಗುಲಿಗೆ, ಇನ್ನೊಂದು ಕಿವಿಯ ಬಳಿ ಮಂಡಿಯೂರಿದಳು. ಯಾರೋ ತಡೆಯಲು ಬಂದರು, ನಂಜಯ್ಯ ಅವರ ತೋಳು ಹಿಡಿದ. ಹುಡುಗಿಯ ತುಟಿಗಳು ಕೂಡಿದವು, ಅಗಲಿದವು. ಸದ್ದಿಲ್ಲ. ಅವ್ವನ ಮುಖದ ಈಚೆ ಬದಿಯಲ್ಲಿ ಪ್ರೇಮಲೀಲಾಳ ತುಟಿಗಳೂ ಕೂಡಿದವು, ಅಗಲಿದವು. ಅವ್ವನ ಕಿವಿಯ ಮೇಲಿನ ನರೆಗೂದಲೊಂದು ಆ ಉಸಿರಿಗೆ ಅಲುಗಿತು. ಹಾಗೆ ಮೂರು ಸಲ.

"ಕರೆದ್ಯಾ? ನಮ್ಗೇನೂ ಕೇಳ್ಲಿಲ್ವಲ್ಲ," ಎಂದಳು ಶಿವನಂಜಮ್ಮ.

"ಕರೆದೆ ದೊಡ್ಡವ್ವ."

ತಮಟೆ ಮತ್ತೆ ಬಡಿಯಿತು. ಚಟ್ಟ ಹೆಗಲೇರಿತು. "ಹಿಂದೆ ತಿರುಗಿ ನೋಡ್ಬಾರ್ದು, ನಡೀರವ್ವಾ," ಎನ್ನುತ್ತ ಶಿವನಂಜಮ್ಮ ಹೆಂಗಸರನ್ನು ಮುಂದೆ ಹೊರಡಿಸಿದಳು. ಪ್ರೇಮಲೀಲಾ, ಡೋಲ್ಮಾ ಎಲ್ಲರಿಗಿಂತ ಹಿಂದೆ ಉಳಿದರು. ತಮಟೆಯ ಸದ್ದು ದೂರವಾದ ಹಾಗೆಲ್ಲ ಬೆನ್ನ ಹಿಂದೆ, ಒಣಗಿದ ಹುಣಸೆ ಎಲೆಗಳ ಮೇಲೆ ಯಾರೋ ಬರುತ್ತಿರುವಂತೆ ಕೇಳಿಸಿತು. ಗಾಳಿಯಿರಬೇಕು.

ಡೋಲ್ಮಾಳ ಕತ್ತು ಹೊರಳತೊಡಗಿತು. ಪ್ರೇಮಲೀಲಾ ಕೈ ಚಾಚಿ, ಅವಳ ಕೆನ್ನೆಗೆ ಅಂಗೈ ಕೊಟ್ಟು ಮುಖವನ್ನು ದಾರಿಯ ಕಡೆಗೇ ಹಿಡಿದಳು. ಅಂಗೈ ಒದ್ದೆಯಾಯಿತು. ಮನೆಯ ತಿರುವು ಬರುವವರೆಗೂ ಅವಳು ಕೈ ತೆಗೆಯಲಿಲ್ಲ.