ಎಂಟು ಟಿವಿಗಳ ಗಣಿತ ಪಾಠ

ಹುನಗುಂದದ ಕಿವುಡ ಮಕ್ಕಳ ಶಾಲೆಯಲ್ಲಿ ಸನ್ನೆಭಾಷೆ ಬಲ್ಲ ಗಣಿತದ ಶಿಕ್ಷಕಿ ರಾಧಿಕಾ ಒಬ್ಬರೇ. ತರಗತಿಗಳು ನಾಲ್ಕು. ಹಾಗಾಗಿ ಅವರು ನಾಲ್ಕೂ ತರಗತಿಯ ಪಾಠಗಳನ್ನು ಸನ್ನೆಯಲ್ಲಿ ಚಿತ್ರೀಕರಿಸಿ ಶಾಲೆಯ ಸರ್ವರ್ ಕಂಪ್ಯೂಟರಿಗೆ ಹಾಕಿದ್ದರು. ಬೆಳಿಗ್ಗೆ ಹತ್ತೂವರೆಗೆ ನಾಲ್ಕೂ ಒಟ್ಟಿಗೆ ಶುರು. ಪ್ರತಿ ಕೋಣೆಯಲ್ಲಿ ಎರಡೆರಡು ಟಿವಿ. ರಾಧಿಕಾ ಕೋಣೆಯಿಂದ ಕೋಣೆಗೆ ಓಡಾಡಿ ಸಂಶಯ ಬಿಡಿಸಬೇಕೆಂಬುದು ಲೆಕ್ಕಾಚಾರ. ಆದರೆ ಹತ್ತು ನಿಮಿಷವೂ ಆಗುವ ಮೊದಲೇ ಟಿವಿಯೊಳಗಿನ ಅವರ ಕೈ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಬೇರೆ ಶಾಲೆಯಲ್ಲಾದರೆ ಚಿತ್ರ ನಿಂತರೂ ದನಿ ಬರುತ್ತಿತ್ತೇನೋ. ಇಲ್ಲಿ ಕೈ ನಿಂತರೆ ಮಾತೇ ನಿಂತ ಹಾಗೆ.

ಅದನ್ನು ಸರಿಪಡಿಸಲು ಇಳಕಲ್ಲಿನ ಕಂಪ್ಯೂಟರ್ ಅಂಗಡಿಯಿಂದ ಖುಶನುಮಾ ಬಂದಳು. ಜೊತೆಗೆ ಯಾರೂ ಇಲ್ಲದೆ ಅವಳು ಒಪ್ಪಿಕೊಂಡ ಮೊದಲ ಕೆಲಸ ಅದು.

ಕಚೇರಿಯ ಕಂಪ್ಯೂಟರು, ಅಂಗಳದ ಕ್ಯಾಮೆರಾ, ತರಗತಿಯ ಟಿವಿ, ಎಲ್ಲದರ ತಂತಿಗಳೂ ನೆಟ್‌ವರ್ಕ್ ಸ್ವಿಚ್ ಎಂಬ ಒಂದೇ ಪೆಟ್ಟಿಗೆಗೆ ಬಂದು ಸೇರಿದ್ದವು. ಅವಳು ಅದರೊಳಗೆ ಮೂರು ವಿ-ಲ್ಯಾನ್ ಮಾಡಿದಳು. ಪೆಟ್ಟಿಗೆ ಒಂದೇ ಆದರೂ ಕಚೇರಿ, ಕ್ಯಾಮೆರಾ, ಪಾಠ ಮೂರಕ್ಕೂ ಬೇರೆ ಬೇರೆ ದಾರಿಯಾಯಿತು.

"ಆತ್ರಿ ಮೇಡಂ. ಇನ್ನ ಒಬ್ಬರ ಗದ್ದಲ ಇನ್ನೊಬ್ಬರಿಗೆ ಬರಂಗಿಲ್ಲ," ಎಂದಳು.

ಕಚೇರಿಯ ಕಂಪ್ಯೂಟರು ಚುರುಕಾಯಿತು. ಆದರೆ ಒಂಬತ್ತನೇ ತರಗತಿಯಲ್ಲಿ ತ್ರಿಕೋನದ ಎರಡನೇ ಬದಿಗೇ ರಾಧಿಕಾ ಅವರ ಕೈ ಮತ್ತೆ ನಿಂತಿತು. ಮಕ್ಕಳು ಟಿವಿಯತ್ತ ಬೆರಳು ತೋರಿಸಿದರು.

"ಹಿಂಗ್ಯಾಕ ಆಗಾಕತ್ತೈತಿ, ಖರೇನ ನನಗ ತಿಳೀವಲ್ದ್ರಿ," ಎಂದು ಖುಶನುಮಾ ಒಪ್ಪಿಕೊಂಡಳು. ಹೇಳುವಾಗ ಅವಳ ಮುಖ ಕೆಂಪಾಗಿತ್ತು.

ಆಗ ಲಕ್ಷ್ಮಣ ಅವಳ ಭುಜ ತಟ್ಟಿದ. ಗುಳೇದಗುಡ್ಡದವನು, ಇದೇ ಶಾಲೆಯಲ್ಲಿ ಓದಿದವನು, ಈಗ ಇಲ್ಲಿಯೇ ಜವಾನ. ಅವನಿಗೂ ಕಿವಿ ಕೇಳಿಸದು. ಅವನು ಸ್ವಿಚ್ಚಿನ ಒಂದು ಹಸಿರು ದೀಪ ತೋರಿಸಿ ಬೇಗಬೇಗ ಸನ್ನೆ ಮಾಡಿದ. ರಾಧಿಕಾ ಅದನ್ನು ಬಾಯಲ್ಲಿ ಹೇಳಿದರು:

"ಇದು ಎಂಟನೇ ಕ್ಲಾಸಿನ ಕೋಣಿ ತಂತಿ ಅಂತ. ಆ ಹುಡುಗೂರು ಇವತ್ತ ಬಾದಾಮಿ ಗುಡಿ ನೋಡಾಕ ಹೋಗ್ಯಾರ. ಅಲ್ಲಿ ಯಾರೂ ಪಾಠ ಹಚ್ಚಿಲ್ಲ. ಆದ್ರೂ ಈ ದೀಪ ಉಳಿದವುಗಳ ಹಂಗ ಯಾಕ ಕುಣಿತೈತಿ, ಅಂತ ಕೇಳಾಕತ್ತಾನ."

ಖುಶನುಮಾ ದೀಪಗಳನ್ನೇ ನೋಡುತ್ತ ನಿಂತಳು. ಪಾಠದ ಎಂಟೂ ದೀಪಗಳು ಒಂದೇ ವೇಗದಲ್ಲಿ ಮಿನುಗುತ್ತಿದ್ದವು. ಅಂದರೆ ಕೇಳಿದವರಿಗಷ್ಟೇ ಹೋಗಬೇಕಾದ ಮಲ್ಟಿಕಾಸ್ಟ್ ಪಾಠಗಳನ್ನು ಸ್ವಿಚ್ ಎಲ್ಲರಿಗೂ ಸುರಿಯುತ್ತಿತ್ತು. ಒಟ್ಟಿಗೆ ಬರುವ ನಾಲ್ಕು ಪಾಠಗಳ ಭಾರಕ್ಕೆ ಟಿವಿಗಳಿಗೆ ಜೋಡಿಸಿದ್ದ ಸಣ್ಣ ಪೆಟ್ಟಿಗೆಗಳು ಉಸಿರುಗಟ್ಟುತ್ತಿದ್ದವು.

"ನೀವು ನೋಡಿದ್ದು ಭಾಳ ಚಲೋ ಆತ್ರಿ!" ಎಂದು ಅವನ ಕೈ ಕುಲುಕಿದಳು.

ಯಾವ ಟಿವಿ ಯಾವ ಪಾಠ ಕೇಳಿದೆ ಎಂದು ಸ್ವಿಚ್ ಗಮನಿಸಿ, ಅದನ್ನಷ್ಟೇ ಕಳಿಸುವ ವ್ಯವಸ್ಥೆ ಅದರಲ್ಲೇ ಇತ್ತು; ಯಾರೂ ಚಾಲೂ ಮಾಡಿರಲಿಲ್ಲ. ಅವಳು ಮಾಡಿದಳು. ಎಂಟನೇ ತರಗತಿಯ ದೀಪಗಳು ಶಾಂತವಾದವು. ಉಳಿದ ಕೋಣೆಗಳಲ್ಲಿ ಕೈಗಳು ಸರಾಗವಾಗಿ ಆಡತೊಡಗಿದವು. ರಾಧಿಕಾ ನಕ್ಕರು.

ನಾಲ್ಕು ನಿಮಿಷ ಕಳೆಯಿತು. ಒಮ್ಮೆಲೇ ಎಲ್ಲ ಟಿವಿಗಳೂ ಕಪ್ಪಾದವು.

ಖುಶನುಮಾಳಿಗೆ ಕಣ್ಣೀರು ಬರುವುದೊಂದೇ ಬಾಕಿ. ಅಂಗಡಿಯ ಮಾಲೀಕ ಅಫ್ಸರ ಸಾಹೇಬರಿಗೆ ಫೋನ್ ಹಚ್ಚಲೇ ಎಂದುಕೊಂಡು ಮೊಬೈಲ್ ತೆಗೆದಳು, ಮತ್ತೆ ಕೆಳಗಿಟ್ಟಳು. ಪಾಠವನ್ನು ಇನ್ನೊಮ್ಮೆ ಹಚ್ಚಿ ಗಡಿಯಾರ ನೋಡಿದಳು. ಮತ್ತೆ ಅಷ್ಟೇ ಹೊತ್ತಿಗೆ ಕಪ್ಪಾಯಿತು. ಅಷ್ಟೇ ಹೊತ್ತು! ಹಾಗಾದರೆ ಸ್ವಿಚ್ ಕೆಟ್ಟಿಲ್ಲ, ಪಾಠ ಕೇಳಿದವರನ್ನು ಮರೆಯುತ್ತಿದೆ.

"ಮೇಡಂ, ಇದಕ್ಕ ಆಗಾಗ ಯಾರರ 'ನಿಮಗ ಇನ್ನೂ ಪಾಠ ಬೇಕೇನು' ಅಂತ ಟಿವಿಗೊಳನ್ನ ಕೇಳಬೇಕು. ಕೇಳಾವರ ಇಲ್ಲ. ಅದಕ್ಕ ಯಾರಿಗೂ ಬ್ಯಾಡ ಅಂತ ತಿಳಕೊಂಡು ಸ್ವಿಚ್ಚು ಪಾಠ ಬಂದ್ ಮಾಡಾಕತ್ತೈತಿ."

ಆ ಪ್ರಶ್ನೆ ಕೇಳುವ ಕೆಲಸವನ್ನೂ ಅವಳು ಸ್ವಿಚ್ಚಿಗೇ ವಹಿಸಿದಳು. ಲಕ್ಷ್ಮಣ ಕೈಗಡಿಯಾರ ಹಿಡಿದು ಒಂಬತ್ತನೇ ತರಗತಿಯ ಬಾಗಿಲಲ್ಲಿ ನಿಂತ. ಐದು ನಿಮಿಷಕ್ಕೆ ಐದು ಬೆರಳೆತ್ತಿದ. ಹತ್ತಕ್ಕೆ ಎರಡೂ ಕೈ. ಆಮೇಲೆ ಎಣಿಸುವುದನ್ನೇ ಬಿಟ್ಟು ಪಾಠ ನೋಡುತ್ತ ಕುಳಿತ. ತ್ರಿಕೋನದ ಮೂರೂ ಬದಿ ಮುಗಿದವು. ತಬಸುಮ ಎಂಬ ಹುಡುಗಿ ಕೈಯೆತ್ತಿದಳು. ಟಿವಿಯ ಬಗ್ಗೆ ದೂರಲು ಅಲ್ಲ. ಮೂರನೇ ಕೋನದ ಬಗ್ಗೆ ಅವಳಿಗೊಂದು ಸಂಶಯವಿತ್ತು. ರಾಧಿಕಾ ಅವಳ ಬೆಂಚಿನ ಕಡೆ ಹೆಚ್ಚುಕಡಿಮೆ ಓಡಿಯೇ ಹೋದರು.

ಅವತ್ತು ಮಧ್ಯಾಹ್ನ ಖುಶನುಮಾ ಇಳಕಲ್ಲಿನ ಎರಡು ಬಸ್ಸುಗಳನ್ನು ಹಾಗೇ ಹೋಗಲು ಬಿಟ್ಟಳು. ಲಕ್ಷ್ಮಣನ ಪಕ್ಕ ಕುಳಿತು, ಯಾವ ತಂತಿ ಯಾವ ವಿ-ಲ್ಯಾನಿಗೆ ಸೇರಬೇಕು, ಹೇಗೆ ಸೇರಿಸಬೇಕು ಎಂಬುದನ್ನು ಚಿತ್ರ ಬಿಡಿಸಿ, ಬರೆದು ತೋರಿಸಿದಳು. ತಿಳಿಯದಿದ್ದಾಗ ಅವನು ಹುಬ್ಬೇರಿಸುತ್ತಿದ್ದ. ಅವಳು ಮತ್ತೆ ಬರೆಯುತ್ತಿದ್ದಳು.

ಎರಡು ವಾರದ ನಂತರ ಅವಳ ಮೊಬೈಲಿಗೆ ಅವನಿಂದ ಒಂದು ಫೋಟೊ ಬಂತು. ಗ್ರಂಥಾಲಯದಲ್ಲಿ ಹೊಸದೊಂದು ಟಿವಿ, ಅದರೊಳಗೆ ರಾಧಿಕಾ ಸನ್ನೆ ಮಾಡುತ್ತಿದ್ದರು. ಕೆಳಗೆ ಬರೆದಿದ್ದ: "ನಾನೊಬ್ಬನ ಮಾಡೇನಿ. ಇಪ್ಪತ್ತು ನಿಮಿಷ ಆತು, ನಿಂತಿಲ್ಲ."