ಅಕ್ಕನ ಕಾಲು, ತಮ್ಮನ ಕೋಲು

ಕೋಲು ಕೊಳ್ಳಲು ಮನೆಯಿಂದ ಹೊರಡುವಾಗಲೇ ಅಕ್ಕ ಎಚ್ಚರಿಕೆ ಕೊಟ್ಟಿದ್ದಳು. "ಬಾಗಿದ ಹಿಡಿ ಇರೋ ಮುದುಕೀರ ಊರುಗೋಲು ಯಾರಾದ್ರೂ ತೋರಿಸಿದ್ರೆ, ಅದರಲ್ಲೇ ಅವರಿಗೆ ಎರಡು ಬಿಡ್ತೀನಿ. ಗುಡ್ಡ ಹತ್ತೋರು ಹಿಡ್ಕೊಳ್ತಾರಲ್ಲ, ಅಂಥದ್ದು ಬೇಕು ನಂಗೆ."

ಅಕ್ಕ ಬಸ್ ಕಂಡಕ್ಟರ್ ಕೆಲಸ ಮಾಡಿ ನಿವೃತ್ತಳಾದವಳು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿದವಳು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದಾಗ ಗಟ್ಟಿಮುಟ್ಟಾದ ಗಂಡಸರೂ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ಅಕ್ಕ ಮಾತ್ರ ನಿಂತಲ್ಲೇ ನಿಂತು "ಮುಂದೆ ಹೋಗಿ, ಮುಂದೆ ಹೋಗಿ" ಅನ್ನುತ್ತಿದ್ದಳು. ಅವಳಿಗೆ ಜಂಬ ಅಂತ ಇದ್ದದ್ದು ಆ ಎರಡು ಕಾಲುಗಳ ಮೇಲೆ ಮಾತ್ರ. ಅದರಲ್ಲಿ ಒಂದರ ಮೊಣಕಾಲು ಸವೆದು ಆಪರೇಷನ್ ಆಗಿತ್ತು. ಗಾಯವೆಲ್ಲ ಮಾಗಿದೆ, ಗುಡ್ಡ ಹತ್ತಬಹುದು, ಇಳಿಯುವಾಗ ಮಾತ್ರ ಕೋಲಿನ ಆಸರೆ ಬೇಕೇ ಬೇಕು ಎಂದು ಡಾಕ್ಟರು ಹೇಳಿದ್ದರು. ಹಳೆಯ ಡ್ರೈವರು, ಕಂಡಕ್ಟರುಗಳ ಗುಂಪೊಂದು ಮುಂದಿನ ಭಾನುವಾರ ಊರಾಚೆಯ ಗುಡ್ಡಕ್ಕೆ ಹೊರಟಿತ್ತು. ಆಸ್ಪತ್ರೆಯ ಮಂಚದ ಮೇಲಿಂದಲೇ ಅಕ್ಕ ಅದಕ್ಕೆ ಹೆಸರು ಕೊಟ್ಟಾಗಿತ್ತು, ತಮ್ಮನನ್ನೂ ಸೇರಿಸಿದ್ದಳು.

ತಮ್ಮ ಎಂದರೆ ಎಳೆಯ ಎಂದುಕೊಳ್ಳಬೇಡಿ. ತಲೆ ಅರ್ಧ ಬೋಳು, ಕಣ್ಣಿಗೆ ದಪ್ಪ ಕನ್ನಡಕ. ಮನೆಯ ಮಹಡಿಯಲ್ಲಿ ಅವನು, ಕೆಳಗೆ ಅಕ್ಕ. ಬೀದಿಯ ಮೂಲೆಯಲ್ಲಿ ಅವನ ಫೋಟೋ ಸ್ಟುಡಿಯೋ. "ಗಲ್ಲ ಸ್ವಲ್ಪ ಮೇಲೆ, ಕಿವಿ ಎರಡೂ ಕಾಣ್ಲಿ, ನಗಬೇಡಿ" ಎಂದು ಹೇಳುವುದರಲ್ಲೇ ಆಯುಷ್ಯ ಕಳೆದಿತ್ತು. ನಗದ ಮುಖಗಳನ್ನು ತೆಗೆದು ತೆಗೆದು ಸಾಕಾಗಿ, ಒಂದು ಸಲವಾದರೂ ಗುಡ್ಡದ ಮೇಲೆ ಕ್ಯಾಮೆರಾ ನಿಲ್ಲಿಸಿ ಕಣಿವೆಯ ಮಂಜು ಮೇಲೇಳುವುದನ್ನು ಹಿಡಿಯಬೇಕೆಂಬ ಆಸೆ ಅವನಿಗೆ. ಕೈ ನಡುಗುವ ವಯಸ್ಸು, ಕ್ಯಾಮೆರಾಕ್ಕೊಂದು ಆಸರೆ ಬೇಕಿತ್ತು. ಆದರೆ ಅದನ್ನು ತನಗಾಗಿ ಕೇಳಲು ನಾಚಿಕೆ. 'ಸ್ಟುಡಿಯೋಕ್ಕೆ ಒಂದು ನೊಣಾನೂ ಬರಲ್ಲ, ಇವನಿಗೆ ಮಂಜು ಬೇಕಂತೆ' ಎಂದು ಅಕ್ಕ ನಕ್ಕರೆ?

ಅಂಗಡಿಯವನು ಗೋಡೆಯ ತುಂಬ ಕೋಲುಗಳನ್ನು ನೇತುಹಾಕಿದ್ದ. ಕೊಳವೆಯೊಳಗೆ ಕೊಳವೆ, ಬೇಕಾದಷ್ಟು ಉದ್ದ ಮಾಡಿಕೊಳ್ಳಬಹುದು. ಕೆಲವು ಚಿಲಕದಂಥ ಲಿವರ್ ಒತ್ತಿ ಬಿಗಿ ಮಾಡುವಂಥವು, ಕೆಲವು ತಿರುಚಿ ಬಿಗಿ ಮಾಡುವಂಥವು. ತಮ್ಮನ ಕಣ್ಣು ಮೂಲೆಯಲ್ಲಿದ್ದ, ತಿರುಚಿ ಬಿಗಿ ಮಾಡುವ ಕಪ್ಪು ಕೋಲಿನ ಮೇಲೆ ಬಿತ್ತು. ಹಿಡಿಯ ಮೇಲಿನ ಮರದ ಗುಂಡು ತಿರುಗಿಸಿ ತೆಗೆದರೆ ಒಳಗೆ ಕ್ಯಾಮೆರಾ ಕೂರಿಸುವ ಸ್ಕ್ರೂ. ಅವನಿಗೆ ಬಾಯಲ್ಲಿ ನೀರೂರಿತು.

ಅಕ್ಕ ಆ ಕಡೆ, ಇಳಿಜಾರಿನಂತೆ ಹಾಕಿದ್ದ ಹಲಗೆಯ ಮೇಲೆ ಹೊಸ ಶೂ ಹಾಕಿಕೊಂಡು ನಡೆದು ನೋಡುತ್ತಿದ್ದಳು. ಅಂಗಡಿಯವನು ಇವನ ಹತ್ತಿರ ಬಂದ.

"ಯಾರಿಗೆ ಸಾರ್? ಆ ಅಮ್ಮನಿಗಾ? ಮೊಣಕಾಲು ಅಂದ್ರಲ್ಲ, ಹಾಗಾದ್ರೆ ಇದು ಬೇಡ. ಇದು ಕ್ಯಾಮೆರಾ ಭಾರಕ್ಕೆ ಸರಿ. ಮನುಷ್ಯರ ಪೂರ್ತಿ ಭಾರ ಬಿಟ್ರೆ ಒಂದೊಂದ್ಸಲ ಒಳಗಿಳಿದುಬಿಡುತ್ತೆ. ಲಿವರ್ ಇರೋ ಜೋಡಿ ಕೊಡ್ತೀನಿ, ಅಲ್ಲಾಡಲ್ಲ."

"ಕ್ಯಾಮೆರಾಕ್ಕೂ ಆಗ್ಬೇಕು, ಲಿವರೂ ಇರ್ಬೇಕು, ಅಂಥದ್ದು ಇಲ್ವಾ?"

"ಇತ್ತು, ಖಾಲಿಯಾಗಿದೆ. ಮುಂದಿನ ತಿಂಗಳು ಬರುತ್ತೆ."

ಅಷ್ಟರಲ್ಲಿ ಬೇರೆ ಗಿರಾಕಿ ಕರೆದರು, ಅವನು ಹೋದ. ಅಕ್ಕ ಹಲಗೆಯಿಂದ ಇಳಿದು ಬಂದಳು. "ಏನಂದ ಅವನು?"

"ಇದೇ ಒಳ್ಳೇದಂತೆ ಅಕ್ಕ." ಮಾತು ಬಾಯಿಂದ ಎಷ್ಟು ಸಲೀಸಾಗಿ ಜಾರಿತೆಂದರೆ ತಮ್ಮನಿಗೇ ಆಶ್ಚರ್ಯ. "ಒಂದೇ ಸಾಕಂತೆ. ಮೇಲೆ ಕ್ಯಾಮೆರಾ ಕೂರಿಸೋಕೂ ಆಗುತ್ತೆ."

"ಅಯ್ಯೋ, ಹಾಗಾದ್ರೆ ನಿನಗೂ ಆಯ್ತಲ್ಲೋ!" ಅಕ್ಕನ ಮುಖ ಅರಳಿತು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುತ್ತಾರಲ್ಲ, ಹಾಗೆ ಅವನು ಆಸೆ, ಪ್ರೀತಿ ಎರಡನ್ನೂ ಒಂದೇ ಚೀಲದಲ್ಲಿ ಹಾಕಿಸಿಕೊಂಡು ಮನೆಗೆ ಬಂದ. ಅವಳೇನು ಕೋಲಿನ ಮೇಲೆ ಮಲಗುತ್ತಾಳಾ, ಸುಮ್ಮನೆ ಊರಿಕೊಂಡು ನಡೆಯುತ್ತಾಳೆ, ಏನೂ ಆಗಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಅಕ್ಕ ಬೀದಿಯಲ್ಲಿ ಸಿಕ್ಕವರಿಗೆಲ್ಲ ಕೋಲು ತೋರಿಸಿದಳು. "ನನ್ನ ತಮ್ಮನೇ ಹುಡುಕಿ ಕೊಡಿಸಿದ್ದು. ನನ್ನ ಕಾಲಿನ ಚಿಂತೆ ನನಗಿಂತ ಅವನಿಗೇ ಜಾಸ್ತಿ." ಎದುರುಮನೆಯವರು "ಇಂಥ ತಮ್ಮ ಸಿಗೋಕೆ ಪುಣ್ಯ ಬೇಕು" ಎಂದಾಗ ತಮ್ಮ ಕನ್ನಡಕ ತೆಗೆದು ಒರೆಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎನ್ನುತ್ತಿರಲಿಲ್ಲ, ಹೊಗಳುತ್ತಿದ್ದರು. ಆದರೂ ಅವನ ಕೈ ಹೆಗಲಿಗೇ ಹೋಗುತ್ತಿತ್ತು.

ಮಧ್ಯಾಹ್ನ ಅಕ್ಕ ಮಲಗಿದ್ದಾಗ ಕೋಲನ್ನು ಮಹಡಿಗೆ ಒಯ್ದು, ಗುಂಡು ತೆಗೆದು, ಕ್ಯಾಮೆರಾ ಕೂರಿಸಿ ನೋಡಿದ. ಕಿಟಕಿಯಾಚೆಯ ನೀರಿನ ಟ್ಯಾಂಕು ಅಲುಗಾಡದೆ ಕಂಡಿತು. ಕ್ಯಾಮೆರಾ ತೆಗೆದು, ಸ್ಕ್ರೂ ಮುಚ್ಚಿ, ಕೋಲನ್ನು ಇದ್ದಲ್ಲೇ ಇಟ್ಟುಬಂದ.

ಬುಧವಾರ ಬೆಳಿಗ್ಗೆ ಇಬ್ಬರೂ ಅಭ್ಯಾಸಕ್ಕೆಂದು ಪಾರ್ಕಿಗೆ ಹೋದರು. ಅಲ್ಲಿ ಕೆರೆಯ ಕಡೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿವೆ. ಅಕ್ಕ ಕೋಲನ್ನು ಕೆಳಗಿನ ಮೆಟ್ಟಿಲಿಗೆ ಊರಿ, ಡಾಕ್ಟರು ಹೇಳಿಕೊಟ್ಟಂತೆ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಕಾಲು ಇಳಿಸಿದಳು. ಸರ್ರನೆ ಏನೋ ಜಾರಿದ ಸದ್ದು. ಅಕ್ಕ ಧಪ್ಪನೆ ಕೂತುಬಿಟ್ಟಳು.

ಪುಣ್ಯಕ್ಕೆ ಪೆಟ್ಟೇನೂ ಆಗಲಿಲ್ಲ, ಅಂಗೈ ತರಚಿತ್ತು ಅಷ್ಟೆ. ತಮ್ಮ ಕೋಲನ್ನು ಎತ್ತಿಕೊಂಡು ನೋಡಿದ. ಅಕ್ಕನ ಮೊಣಕೈಯ ಅಳತೆಗೆ ಅವನೇ ಕೊಳವೆ ನಿಲ್ಲಿಸಿದ್ದ ಗುರುತಿನ ಗೆರೆ ಕಾಣುತ್ತಿರಲಿಲ್ಲ. ಕೊಳವೆ ಒಳಗಿಳಿದಿತ್ತು. ಅಕ್ಕ ಬಗ್ಗಿ ಮೊಣಕಾಲು ಸವರಿಕೊಳ್ಳುತ್ತಿದ್ದಳು. ಅವಳು ತಲೆ ಎತ್ತುವುದರೊಳಗೆ ತಮ್ಮ ಕೊಳವೆಯನ್ನು ಹೊರಗೆಳೆದು, ಗೆರೆಗೆ ಸರಿಯಾಗಿ ನಿಲ್ಲಿಸಿ, ತಿರುಚಿ ಬಿಗಿ ಮಾಡಿ, ಅವಳ ಕೈಗೆ ಕೊಟ್ಟ.

"ಕೋಲು... ಏನಾದ್ರೂ ಜಾರಿತಾ ಅಕ್ಕ?" ಎಂದು ಕೇಳಿದ ಬೇರೆ. ಆ ಪ್ರಶ್ನೆ ಕೇಳುವ ಮುಖ ತನಗೆ ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ.

ಅಕ್ಕ ಕೋಲನ್ನು ಮೇಲೆ ಕೆಳಗೆ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು. "ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಕೋಲಿನ ಮೇಲೆ ಯಾಕೆ ಹೊರಿಸ್ಲಿ? ನನ್ನ ಕಾಲೇ ಕೈಕೊಡ್ತು ಕಣೋ."

ಅಂದಿನಿಂದ ಅಕ್ಕ ಮನೆಯೊಳಗೆ ಆಸರೆ ಹಿಡಿದು ನಡೆಯತೊಡಗಿದಳು. ಬಾಗಿಲ ಚೌಕಟ್ಟು, ಮೇಜಿನ ಅಂಚು, ಫ್ರಿಜ್ಜು, ಮತ್ತೆ ಗೋಡೆ. ಮಹಡಿಯ ಮೆಟ್ಟಿಲ ಮೇಲಿಂದ ತಮ್ಮ ಅದನ್ನು ನೋಡಿದ. ಜೋಲಿ ಹೊಡೆಯುವ ಬಸ್ಸಿನಲ್ಲಿ ಏನನ್ನೂ ಹಿಡಿಯದವಳು ಅಲುಗಾಡದ ಅಡುಗೆಮನೆಯಲ್ಲಿ ಗೋಡೆ ತಡಕುತ್ತಿದ್ದಳು. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಈಗ ಇಳಿದು ಹೇಳಿಬಿಡುತ್ತೇನೆ ಎಂದು ಎರಡು ಮೆಟ್ಟಿಲು ಇಳಿದ, 'ಊಟ ಆಯ್ತಾ ಅಕ್ಕ' ಎಂದು ಕೇಳಿ ಮತ್ತೆ ಹತ್ತಿಹೋದ. ಬಿಸಿತುಪ್ಪ ಬಾಯಲ್ಲಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಶುಕ್ರವಾರ ಅವಳು ಫೋನಿನಲ್ಲಿ ಗುಂಪಿನವರಿಗೆ ಹೇಳುವುದು ಕೇಳಿಸಿತು. "ನನ್ನ ಬಿಟ್ಬಿಡಿ. ಇಲ್ಲ ಇಲ್ಲ, ನೋವೇನಿಲ್ಲ. ಕಾಲಿನ ಮೇಲೆ ನಂಬಿಕೆ ಹೋಗಿದೆ, ಇನ್ಮೇಲೆ ಗುಡ್ಡ ಗಿಡ್ಡ ಎಲ್ಲ ಮುಗೀತು."

ಶನಿವಾರ ಸಂಜೆ ತಮ್ಮ ಕೆಳಗಿಳಿದಾಗ ಅಕ್ಕ ಕುರ್ಚಿಯಲ್ಲಿ ಕೂತು ಒದ್ದೆ ಬಟ್ಟೆಯಿಂದ ಕೋಲು ಒರೆಸುತ್ತಿದ್ದಳು. ತುದಿಯ ಮಣ್ಣನ್ನೆಲ್ಲ ತೆಗೆದಿದ್ದಳು.

"ತಗೋ. ನೀನಾದ್ರೂ ಹೋಗಿ ಬಾ. ಕ್ಯಾಮೆರಾಕ್ಕೂ ಆಗುತ್ತೆ ಅಂದಿದ್ದೆಯಲ್ಲ. ಒಳ್ಳೆ ಫೋಟೋ ತೆಗಿ, ನಾನು ಇಲ್ಲೇ ಕೂತು ಗುಡ್ಡ ನೋಡ್ತೀನಿ."

ಬೇಕಾದದ್ದು ಕೈಗೆ ಬಂದಿತ್ತು. ಇದಕ್ಕಲ್ಲವೇ ಇಷ್ಟೆಲ್ಲ ಮಾಡಿದ್ದು? ಅವನಿಗೆ ಕೋಲು ಮುಟ್ಟಲು ಕೈ ಬರಲಿಲ್ಲ.

"ಅಕ್ಕ, ನಿನ್ನ ಕಾಲು ಕೈಕೊಡಲಿಲ್ಲ."

"ಏನು?"

"ಕಾಲು ಸರಿಯಾಗೇ ಇತ್ತು. ಕೋಲು ಒಳಗಿಳೀತು. ಅಂಗಡಿಯವನು ಮೊದಲೇ ಹೇಳಿದ್ದ, ಇದು ಕ್ಯಾಮೆರಾಕ್ಕೆ ಮಾತ್ರ, ಮೊಣಕಾಲಿಗೆ ಬೇಡ ಅಂತ. ನನಗೆ ಇದು ಬೇಕಿತ್ತು. ಅದಕ್ಕೇ ನಿನ್ನ ಹತ್ರ ಸುಳ್ಳು ಹೇಳಿದೆ."

ಅಕ್ಕ ಬೈಯುತ್ತಾಳೆ ಎಂದು ಅವನು ತಲೆ ತಗ್ಗಿಸಿ ನಿಂತ. ಅವಳು ಬೈಯಲಿಲ್ಲ. "ಹಾಗಾದ್ರೆ ನೆಲಾನೇ ಡೊಂಕಿತ್ತು!" ಎಂದಳು, ಮೆಲ್ಲಗೆ. ಕೋಲನ್ನು ನೆಲಕ್ಕಿಟ್ಟು, ಕುರ್ಚಿಯ ಕೈ ಬಿಟ್ಟು ಎದ್ದಳು. ಬಾಗಿಲವರೆಗೆ ನಡೆದಳು, ತಿರುಗಿದಳು, ಮೇಜಿನ ಪಕ್ಕ ಹಾದುಬಂದಳು, ಮೇಜು ಮುಟ್ಟಲಿಲ್ಲ. ತಮ್ಮನ ಎದುರಿಗೆ ಬಂದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗು ಇತ್ತು. ಆಮೇಲೆ ಆ ನಗು ನಿಧಾನವಾಗಿ ಹೋಯಿತು.

"ಅಲ್ಲಿ ಬಿದ್ದಾಗ ನಾನು ಕೋಲು ನೋಡಿದೆ. ಉದ್ದ ಸರಿಯಾಗಿತ್ತು."

"ನಾನೇ ಎಳೆದು ಸರಿಮಾಡಿ ಕೊಟ್ಟೆ."

"ನನ್ನ ಕಣ್ಣೆದುರಿಗೇ?"

"ನೀನು ಬಗ್ಗಿದ್ದೆ."

ಅಕ್ಕ ನೆಲದ ಮೇಲಿದ್ದ ಕೋಲನ್ನು ನೋಡಿದಳು. "ಆಸೆ ಇತ್ತು ಅಂದಿದ್ರೆ ಅಲ್ಲೇ ಎರಡೂ ತಗೋತಿದ್ವಲ್ಲೋ. ಹೋಗ್ಲಿ, ಅದು ಬಿಡು. ನಾಲ್ಕು ದಿನ ನಾನು ಗೋಡೆ ಹಿಡ್ಕೊಂಡು ನಡೆದೆ. ನೀನು ಮೇಲಿಂದ ನೋಡ್ತಾ ನಿಂತಿದ್ದೆ. ನನಗೆ ಕಾಣಲ್ಲ ಅಂದ್ಕೊಂಡ್ಯಾ?"

ತಮ್ಮ ಕನ್ನಡಕ ತೆಗೆದು ಒರೆಸಿದ.

ಅವಳು ಫೋನ್ ಎತ್ತಿ ಗುಂಪಿನವರಿಗೆ ಒಂದೇ ಮಾತು ಹೇಳಿದಳು. "ನಾಳೆ ನಾನೂ ಬರ್ತೀನಿ." ಮೊಳೆಗೆ ನೇತುಹಾಕಿದ್ದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು. ಕೋಲಿನ ಅಂಗಡಿ ಮುಚ್ಚಲು ಇನ್ನೂ ಹೊತ್ತಿತ್ತು.

"ಇರಕ್ಕ, ನಾನೂ ಬರ್ತೀನಿ."

"ಬೇಡ." ಅಕ್ಕ ಶೂ ಹಾಕಿಕೊಳ್ಳುತ್ತಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. "ನೀನು ಬಂದ್ರೆ, ಅಂಗಡಿಯವನು ಏನಂದ ಅಂತ ನಾನು ನಿನ್ನನ್ನೇ ಕೇಳ್ಬಿಡ್ತೀನಿ. ಅಭ್ಯಾಸ ನೋಡು. ಇವತ್ತು ನಾನೇ ಕೇಳಿಸ್ಕೊಂಡು ಬರ್ತೀನಿ."

ತಮ್ಮ ಕಿಟಕಿಯ ಬಳಿ ನಿಂತ. ಮನೆಯೆದುರಿನ ನಿಲ್ದಾಣಕ್ಕೆ ಬಸ್ಸು ಬಂತು. ಅಕ್ಕ ಹತ್ತಿದಳು. ಒಳಗೆ ದೀಪ ಹಾಕಿದ್ದರು, ಸೀಟುಗಳೆಲ್ಲ ತುಂಬಿದ್ದವು, ಯಾರೋ ಎದ್ದು ಜಾಗ ಕೊಡಲು ಹೋದರು, ಅವಳು ಬೇಡವೆಂದು ಕೈಯಾಡಿಸಿದಳು. ಬಸ್ಸು ಗಕ್ಕನೆ ಮುಂದೆ ಜಗ್ಗಿತು. ನಿಂತವರೆಲ್ಲ ಹಿಂದಕ್ಕೆ ವಾಲಿದರು. ಅಕ್ಕ ಕಂಬಿ ಹಿಡಿಯಲಿಲ್ಲ. ತಮ್ಮ ನಿಂತಿದ್ದ ಕಿಟಕಿಯ ಕಡೆಗೆ ತಿರುಗಿಯೂ ನೋಡಲಿಲ್ಲ.